ಬೀಡಿ ಎಲೆಯ ಅಚ್ಚಿಗೆ ಸಿಕ್ಕಿದ ದುಬೈ ಬಟ್ಟೆ

ಆ ಬಟ್ಟೆಯ ಥಾನನ್ನು ನನ್ನ ಜಗಲಿಯಲ್ಲಿ ಬಿಚ್ಚಿದಾಗ ನನ್ನ ಬಾಯಿಯಿಂದ ಬಂದ ಮೊದಲ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ಎರಡನೆಯ ಮಾತು, "ಇದನ್ನು ಆರಿಸಿದ್ದು ಯಾರು?"

"ನನ್ನ ಮಗ" ಎಂದರು ಉಮ್ಮ.

ಬಿಚ್ಚಿದ್ದನ್ನು ಅರ್ಧ ಮಡಚಿದೆ.

ಕಾಪು ಪೇಟೆಯ ಹಿಂದೆ, ಕಡಲಿಗೆ ಹೋಗುವ ಓಣಿಯಲ್ಲಿ ನಮ್ಮ ಮನೆ. ಎರಡು ಹಿತ್ತಿಲು ದಾಟಿದರೆ ಉಮ್ಮನ ಮನೆ. ಅವರು ಬ್ಯಾರಿಗಳು, ನಾವು ಮೊಗವೀರರು. ಉಮ್ಮ ನನಗಿಂತ ಹತ್ತು ವರ್ಷ ದೊಡ್ಡವರು, ಅವರ ಮಕ್ಕಳು ಕರೆಯುವುದನ್ನು ಕೇಳಿ ಕೇಳಿ ನಾನೂ ಉಮ್ಮ ಎಂದೇ ಕರೆಯುತ್ತಿದ್ದೆ. ಆ ಮನೆಯ ಬಟ್ಟೆ ಹೊಲಿಯುತ್ತಿದ್ದದ್ದು ನಾನು. ಇದು ಎಪ್ಪತ್ತೆಂಟನೇ ಇಸವಿಯೋ ಎಪ್ಪತ್ತೊಂಬತ್ತೋ, ನಮ್ಮ ಕಡೆಯವರು ದುಬೈಗೆ ಹೋಗಿ ಟೇಪ್ ರೆಕಾರ್ಡರ್ ಹಿಡಿದುಕೊಂಡು ಬರಲು ಶುರು ಮಾಡಿದ್ದ ಕಾಲ. ಉಮ್ಮನ ಮಗ ಹೋಗಿ ನಾಲ್ಕು ವರ್ಷ ಆಗಿತ್ತು. ತಂದೆ ತೀರಿಕೊಂಡಾಗಲೂ ಅವನಿಗೆ ಬರಲು ಆಗಿರಲಿಲ್ಲ. ಈಗ ತಂಗಿಯ ಮದುವೆ. ತಾನು ಬರುವ ಮೊದಲೇ ಊರಿಗೆ ಬರುವವರೊಬ್ಬರ ಕೈಯಲ್ಲಿ ಈ ಥಾನು ಕಳಿಸಿದ್ದ. ಮೂವತ್ತು ಗಜ.

ಅವರಲ್ಲಿ ಮದುವೆಯ ದಿನ ಮದುಮಗ ಹೆಣ್ಣಿನ ಮನೆಗೆ ಬರುತ್ತಾನೆ. ಮದುಮಕ್ಕಳಿಗೆಂದು ಒಂದು ಕೋಣೆಯನ್ನು ಸಿಂಗರಿಸುತ್ತಾರೆ. ಮಾಡಿನ ಹಂಚು ಕಾಣದ ಹಾಗೆ ಮೇಲೆ ಬಟ್ಟೆ ಕಟ್ಟಬೇಕು, ಗೋಡೆಗೆ ಬಟ್ಟೆ ಇಳಿಬಿಡಬೇಕು, ಮಂಚಕ್ಕೆ ಹೊಸ ಹಾಸು ಬೇಕು. ಗಂಡಿನ ಕಡೆಯ ಹೆಂಗಸರು ಬಂದರೆ ಮೊದಲು ನೋಡುವುದು ಊಟವನ್ನಲ್ಲ, ಆ ಕೋಣೆಯನ್ನು. ಮೂಲೆ ಬಿಡದೆ ನೋಡುತ್ತಾರೆ, ಹೊಲಿಗೆ ಮಗುಚಿ ನೋಡುತ್ತಾರೆ, ಊರಿಗೆ ಹೋಗಿ ವರ್ಷಗಟ್ಟಲೆ ಅದನ್ನೇ ಆಡುತ್ತಾರೆ. ಗಂಡು ಕಾರ್ಕಳದವನು. ಅವನ ದೊಡ್ಡಮ್ಮ ಒಬ್ಬರ ನಾಲಿಗೆಯ ಸುದ್ದಿ ಕಾಪುವಿನವರೆಗೆ ಬಂದಿತ್ತು.

ಬಟ್ಟೆ ಹೇಗಿತ್ತು ಎಂದರೆ, ನೆಲ ಹಳದಿ. ಅರಸಿನದ ಹಳದಿ ಅಲ್ಲ, ಹೊಟ್ಟೆ ಕೆಟ್ಟ ಮಗುವಿನ ಚಡ್ಡಿಯ ಹಳದಿ. ಅದರ ಮೇಲೆ ಊಟದ ಬಟ್ಟಲಿನಷ್ಟು ದೊಡ್ಡ ಹೂವುಗಳು, ಕಂದು ಮತ್ತು ನೇರಳೆ, ಕುರಿಯ ಲಿವರ್ ಕೊಯ್ದು ಹರಡಿಟ್ಟ ಹಾಗೆ. ಪ್ರತಿ ಹೂವಿನ ಸುತ್ತ ಕರಿ ಗೆರೆ. ನೈಲಾನಿನ ಜಾತಿಯ ದಪ್ಪ ಬಟ್ಟೆ, ಬಿಸಿಲಿಗೆ ಹಿಡಿದರೆ ಮೀನಿನ ಹೊಟ್ಟೆಯ ಹಾಗೆ ಮಿಂಚುತ್ತಿತ್ತು.

ಮದುಮಗಳು ತಾಯಿಯ ಹಿಂದೆಯೇ ಬಂದು ನಿಂತಿದ್ದಳು. ಹತ್ತೊಂಬತ್ತು ವರ್ಷ, ಚುರುಕು ಹುಡುಗಿ. ಅಣ್ಣನ ಕಾಗದವನ್ನು ತಾಯಿಗೆ ಓದಿ ಹೇಳಿದ್ದು ಅವಳೇ. ಕೋಣೆಗೆ ಬೇರೆ ಯಾರ ಬಟ್ಟೆಯೂ ಬೇಡ, ನಾನು ಕಳಿಸಿದ್ದನ್ನೇ ಹಾಕಬೇಕು, ಬಂದು ನೋಡುತ್ತೇನೆ ಎಂದು ಅವನು ಬರೆದಿದ್ದ.

"ಟೈಲರಕ್ಕ, ಈ ಬಟ್ಟೆ ಆ ಕೋಣೆಯಲ್ಲಿ ಇದ್ದರೆ ನಾನು ಒಳಗೆ ಕಾಲಿಡುವುದಿಲ್ಲ" ಎಂದಳು. "ನಿಕಾಹ್ ಮುಗಿದ ಮೇಲೆ ಅಡಿಗೆ ಕೋಣೆಯಲ್ಲಿ ಕೂತಿರುತ್ತೇನೆ. ಬೇಕಾದವರು ಅಲ್ಲಿಗೇ ಬರಲಿ."

ಉಮ್ಮ ಅವಳನ್ನು ಗದರಿಸಿ ಮನೆಗೆ ಕಳಿಸಿದರು. ಆಮೇಲೆ ಜಗಲಿಯ ಮೇಲೆ ಕೂತು ತಲೆಯ ಬಟ್ಟೆ ಸರಿಮಾಡಿಕೊಂಡು ನನಗೆ ಹೇಳಿದರು:

"ಅವನು ಬಂದಾಗ ಅವನ ಬಟ್ಟೆ ಕೋಣೆಯಲ್ಲಿ ಇರಬೇಕು. ಇವಳು ಒಳಗೆ ಬಂದಾಗ ಅದು ಇವಳ ಕಣ್ಣಿಗೆ ಬೀಳಬಾರದು. ನೀನು ಎಂತ ಮಾಡ್ತೀಯೋ ನನಗೆ ಗೊತ್ತಿಲ್ಲ ಮಾರಾಯ್ತಿ."

ಮದುವೆಗೆ ಹದಿಮೂರು ದಿನ ಇತ್ತು. ನಾನು ಒಪ್ಪಿಕೊಂಡೆ. ದಯೆಯಿಂದ ಅಲ್ಲ. ನಾನು ಆಗುವುದಿಲ್ಲ ಎಂದರೆ ಉಮ್ಮ ಪೇಟೆಯ ಟೈಲರನ ಹತ್ತಿರ ಹೋಗುತ್ತಿದ್ದರು, ಆ ಮನೆಯ ಮದುವೆ ಬಟ್ಟೆಗೆ ಅವನು ಕೈ ಹಾಕುವುದನ್ನು ನೋಡಿಕೊಂಡಿರಲು ನನ್ನಿಂದ ಆಗುವುದಿಲ್ಲ.

ಬಣ್ಣ ಕೆಟ್ಟದಾದರೆ ಬಣ್ಣ ಬದಲಿಸಬೇಕು, ಇದು ನನ್ನ ಮೊದಲ ಯೋಚನೆ. ನನ್ನ ಅಪ್ಪನ ಕಾಲದಲ್ಲಿ ಹತ್ತಿ ನೂಲಿನ ಬಲೆ. ಉಪ್ಪು ನೀರಿಗೆ ಬೇಗ ಕೊಳೆಯಬಾರದೆಂದು ಮರದ ತೊಗಟೆ ಕುದಿಸಿ, ಆ ಚೊಗರಿನಲ್ಲಿ ಬಲೆಯನ್ನು ಅದ್ದಿ ತೆಗೆದು ಒಣಗಿಸುತ್ತಿದ್ದರು. ಬಲೆಗೆ ಕೆಂಪು ಮಣ್ಣಿನ ಬಣ್ಣ ಬರುತ್ತಿತ್ತು, ಒಳ್ಳೆಯ ಬಣ್ಣ. ಆ ಹಂಡೆ ಇನ್ನೂ ನಮ್ಮ ಹಿತ್ತಿಲಲ್ಲಿ ಇತ್ತು. ಹಳದಿಯನ್ನು ಆ ಬಣ್ಣಕ್ಕೆ ಇಳಿಸಿದರೆ ಹೂವುಗಳೂ ಅದರಲ್ಲಿ ಮುಳುಗುತ್ತವೆ ಎಂದುಕೊಂಡೆ.

ತೊಗಟೆಗಾಗಿ ಮಲ್ಪೆಯವರೆಗೆ ಹೋದೆ. ನಾಲ್ಕು ಕಡೆ ಕೇಳಿದ ಮೇಲೆ ಒಬ್ಬ ಮುದುಕನ ಅಟ್ಟದಲ್ಲಿ ಒಂದು ಗೋಣಿ ಹಳೆಯದು ಸಿಕ್ಕಿತು. ಯಾವ ಬಲೆಗೆ ಎಂದು ಕೇಳಿದ. ಮದುವೆ ಕೋಣೆಗೆ ಎಂದೆ. ಅವನು ನನ್ನನ್ನೊಮ್ಮೆ ನೋಡಿ ಗೋಣಿ ಕೆಳಗಿಳಿಸಿದ.

ಐದು ಗಜ ಕತ್ತರಿಸಿ ಚೊಗರಿನಲ್ಲಿ ಮುಳುಗಿಸಿದೆ. ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಕೋಲಿನಿಂದ ತಿರುವಿದೆ. ಎತ್ತಿ ಹಗ್ಗದ ಮೇಲೆ ಹಾಕಿದರೆ ಬಣ್ಣವೆಲ್ಲ ನೀರಿನ ಜೊತೆ ಇಳಿದು ನೆಲಕ್ಕೆ ಹೋಯಿತು. ಹಳದಿ ಹಳದಿಯೇ. ನೇರಳೆ ನೇರಳೆಯೇ. ಬಟ್ಟೆ ಮಡಚಿ ನಿಂತಲ್ಲಿ ಮಾತ್ರ ಕೊಳೆ ಕೂತ ಹಾಗೆ ಕಂದು ಮಚ್ಚೆ. ವಾಸನೆಯಂತೂ ದೋಣಿಯ ತಳದ್ದು.

ನನ್ನ ನಾದಿನಿ ಜಗಲಿಯಲ್ಲಿ ಮೊರದಂಥ ಗೆರಸೆಯನ್ನು ತೊಡೆಯ ಮೇಲಿಟ್ಟು ಬೀಡಿ ಕಟ್ಟುತ್ತಿದ್ದಳು. ಬೆಳಗ್ಗಿನಿಂದ ನನ್ನನ್ನು ನೋಡಿಯೂ ಒಂದು ಮಾತು ಆಡಿರಲಿಲ್ಲ. ಈಗ ಆಡಿದಳು.

"ಅತ್ತಿಗೆ, ನೈಲಾನ್ ಬಲೆ ಬಂದ ಮೇಲೆ ಊರಿನ ಚೊಗರಿನ ಹಂಡೆಗಳೆಲ್ಲ ಯಾಕೆ ಕವುಚಿ ಬಿದ್ದವು ಅಂತ ನಿಮಗೆ ಯಾರೂ ಹೇಳಲಿಲ್ವಾ?"

ಹೇಳಬೇಕಾಗಿರಲಿಲ್ಲ. ಕಡಲ ಬದಿಯ ಚಿಕ್ಕ ಮಕ್ಕಳಿಗೂ ಗೊತ್ತು, ನೈಲಾನಿಗೆ ಚೊಗರು ಹಿಡಿಯುವುದಿಲ್ಲ, ಅದಕ್ಕೇ ಆ ಕೆಲಸ ನಿಂತದ್ದು. ಆ ಹಂಡೆಯಲ್ಲಿ ಹತ್ತು ವರ್ಷದಿಂದ ನಾನು ದನಕ್ಕೆ ಅಕ್ಕಚ್ಚು ಇಡುತ್ತಿದ್ದೆ, ಬಲೆಗೆ ಬೇಡವಾಯಿತೆಂದೇ ಇಡುತ್ತಿದ್ದೆ. ಬಟ್ಟೆಯ ವಿಷಯ ಬಂದಾಗ ಮಾತ್ರ ತಲೆ ಓಡಲಿಲ್ಲ. ಮೀನುಗಾರನ ಮಗಳು ಮಾಡಬಾರದ ತಪ್ಪು, ನಾನೇ ಮಾಡಿದೆ. ಐದು ಗಜ ಹೋಯಿತು, ಮೂರು ದಿನವೂ ಹೋಯಿತು.

ನಾಲ್ಕನೇ ದಿನ ಬಟ್ಟೆಯ ಹಿಂಬದಿ ನೋಡಿದೆ. ಇದನ್ನು ಮೊದಲೇ ನೋಡಬೇಕಿತ್ತು. ಅಚ್ಚಿನ ಬಟ್ಟೆಗೆ ಹಿಂಬದಿ ಯಾವಾಗಲೂ ಮೆತ್ತಗಿರುತ್ತದೆ, ಬಣ್ಣ ಅರ್ಧ ಮಾತ್ರ ಇಳಿದಿರುತ್ತದೆ. ಇದರಲ್ಲೂ ಹಳದಿ ಬೆಣ್ಣೆಯ ಹತ್ತಿರ ಬಂದಿತ್ತು, ಕರಿ ಗೆರೆ ಮಸುಕಾಗಿತ್ತು, ಮಿಂಚು ಇರಲಿಲ್ಲ. ಆದರೆ ಹೂವಿನ ಅಳತೆ ಅಷ್ಟೇ ಅಲ್ವಾ? ಲಿವರ್ ಲಿವರೇ. ಹಿಂಬದಿಯಲ್ಲಿ ಮಡಿಕೆ ಹಾಕಿ ನೋಡೋಣ ಎಂದು ಇಸ್ತ್ರಿ ಪೆಟ್ಟಿಗೆಗೆ ತೆಂಗಿನ ಗೆರಟೆಯ ಕೆಂಡ ತುಂಬಿಸಿದೆ. ಹತ್ತಿಗೆ ಇಡುವ ಹಾಗೆ ಇಟ್ಟೆ. ಎತ್ತಿದಾಗ ಪೆಟ್ಟಿಗೆಯ ಜೊತೆ ಬಟ್ಟೆಯೂ ಎದ್ದು ಬಂತು, ಅಂಗೈಯಷ್ಟು ತೂತು, ಅಂಚು ಸುಟ್ಟ ಬೆಲ್ಲದ ಹಾಗೆ ಗಟ್ಟಿ. ಪೆಟ್ಟಿಗೆಯ ತಳವನ್ನು ಬೂದಿ ಹಾಕಿ ತಿಕ್ಕಲು ಅರ್ಧ ಗಂಟೆ ಬೇಕಾಯಿತು.

ಅದೇ ಹೊತ್ತಿಗೆ ಮದುಮಗಳು ಬಂದಳು. ಹಗ್ಗದ ಮೇಲೆ ಮಚ್ಚೆ ಬಿದ್ದ ಐದು ಗಜ, ನನ್ನ ಕಾಲ ಬುಡದಲ್ಲಿ ಸುಟ್ಟ ತೂತು. ನೋಡಿದವಳು ನಗಬಹುದು ಎಂದುಕೊಂಡೆ. ನಗಲಿಲ್ಲ. ಅವಳ ಮುಖ ಸಣ್ಣದಾಯಿತು.

"ಟೈಲರಕ್ಕ, ಅಣ್ಣನಿಗೆ ನಾನು ಎಂತ ಹೇಳುವುದು? ಚಂದ ಉಂಟು ಅಂತ ಸುಳ್ಳು ಹೇಳಿದರೆ ಅವನಿಗೆ ಗೊತ್ತಾಗುತ್ತದೆ. ನನ್ನ ಮುಖ ನೋಡಿಯೇ ಹೇಳುವವನು ಅವನು."

ಹೋಗು, ನಿನ್ನ ಕೆಲಸ ನೋಡು ಎಂದು ಕಳಿಸಿದೆ. ಆದರೆ ಆಗ ನನಗೆ ಒಂದು ವಿಷಯ ಗೊತ್ತಾಯಿತು. ಬಟ್ಟೆಯನ್ನು ಅಡಗಿಸುವ ಕೆಲಸ ಇದಲ್ಲ. ಎಲ್ಲಿ ಅಡಗಿಸಿದರೂ ಅವಳ ಮುಖದಲ್ಲಿ ಕಾಣುತ್ತದೆ. ಬಟ್ಟೆ ಅವಳಿಗೆ ಹಿಡಿಸಬೇಕು, ಬೇರೆ ದಾರಿಯಿಲ್ಲ.

ಊಟ ಮುಗಿಸಿ ನಾದಿನಿಯ ಎದುರು ಕೂತೆ. ಅವಳು ಮಾರನೇ ದಿನಕ್ಕೆ ಎಲೆ ಕತ್ತರಿಸುತ್ತಿದ್ದಳು. ಬೀಡಿ ಎಲೆಯನ್ನು ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಒಂದೊಂದನ್ನೇ ತೆಗೆದು ಮೇಲೆ ತಗಡಿನ ಅಚ್ಚು ಇಟ್ಟು ಸುತ್ತಲೂ ಕತ್ತರಿ ಆಡಿಸುತ್ತಾರೆ. ಮೂರು ಇಂಚು ಉದ್ದ, ಎರಡು ಇಂಚು ಅಗಲದ ತಗಡು. ಆ ಸಲ ಬಂದ ಎಲೆ ತೀರಾ ಕೆಟ್ಟದು, ಹುಳ ತಿಂದದ್ದು, ಮಚ್ಚೆ, ದಪ್ಪ ನರ. ಅವಳು ಎಲೆಯನ್ನು ಬೆಳಕಿಗೆ ಹಿಡಿದು, ಅಚ್ಚನ್ನು ಅತ್ತ ಇತ್ತ ಸರಿಸಿ, ನರ ತಪ್ಪಿಸಿ ತೂತು ತಪ್ಪಿಸಿ ಕತ್ತರಿಸುತ್ತಿದ್ದಳು. ಕತ್ತರಿಸಿದ ತುಂಡು ನೋಡಿದರೆ ಒಳ್ಳೆಯ ಎಲೆಯದೋ ಕೆಟ್ಟ ಎಲೆಯದೋ ಯಾರಿಗೂ ತಿಳಿಯುವುದಿಲ್ಲ.

"ಇಂಥ ಎಲೆ ಕೊಟ್ಟರೆ ನೀನು ಯಾಕೆ ವಾಪಸು ಕೊಡುವುದಿಲ್ಲ?" ಎಂದು ಕೇಳಿದೆ.

"ಕೊಟ್ಟರೆ ನಾಳೆ ಎಲೆಯೇ ಇಲ್ಲ. ಇಡೀ ಎಲೆ ಯಾರು ನೋಡ್ತಾರೆ ಅತ್ತಿಗೆ? ಅಚ್ಚಿನ ಒಳಗೆ ಎಷ್ಟು ಬಂತೋ ಅಷ್ಟೇ ಎಲೆ."

ನಾನು ಅವಳ ಕೈಯಿಂದ ಅಚ್ಚು ಕಿತ್ತುಕೊಂಡು ಎದ್ದೆ. ಥಾನು ಬಿಡಿಸಿ ಒಂದು ಹೂವಿನ ಮೇಲೆ ಇಟ್ಟೆ. ಹೂವಿನ ನಡುವೆ ಇಟ್ಟರೆ ಬರೀ ನೇರಳೆ. ಅಂಚಿಗೆ ಸರಿಸಿದರೆ ನೇರಳೆಯಿಂದ ಕಂದಿಗೆ ಹೋಗುವ ಬಣ್ಣ, ಒಳ್ಳೆಯ ಬಾಳೆಹೂವಿನದ್ದು. ಇನ್ನೂ ಸರಿಸಿದರೆ ಬರೀ ಹಳದಿ. ಸುತ್ತಲಿನ ಹೂವನ್ನು ಕೈಯಿಂದ ಮುಚ್ಚಿ ನೋಡಿದೆ. ಆ ಬಟ್ಟೆಯಲ್ಲಿ ಬಣ್ಣದ್ದು ಒಂದು ತಪ್ಪೂ ಇರಲಿಲ್ಲ. ತಪ್ಪೆಲ್ಲ ಹೂವಿನ ಅಳತೆಯದ್ದು, ಮೂರು ಬಣ್ಣವನ್ನು ಒಟ್ಟಿಗೆ ಕೂರಿಸಿದ್ದರದ್ದು. ಹೂವನ್ನು ಕೊಂದರೆ ಬಣ್ಣ ಉಳಿಯುತ್ತದೆ.

ಉಮ್ಮನನ್ನು ಕೇಳಬೇಕಿತ್ತು. ಮಗ ಕಳಿಸಿದ ಬಟ್ಟೆ, ಒಮ್ಮೆ ಚೂರು ಮಾಡಿದರೆ ಮತ್ತೆ ಥಾನು ಆಗುವುದಿಲ್ಲ. ಕೇಳಿದರೆ ಬೇಡ ಎನ್ನುತ್ತಾರೆಂದು ಗೊತ್ತಿತ್ತು, ಅದಕ್ಕೆ ಕೇಳಲಿಲ್ಲ. ಮಂಚಕ್ಕೆ ತುಂಡಿನ ಗೋದಡಿ ಹೊಲಿಯುವುದೆಂದು ಸುಟ್ಟ ತೂತಿನ ಕಡೆಯಿಂದ ಆರು ಗಜ ಅಳೆದು ನಾದಿನಿಯ ಮುಂದೆ ಹಾಕಿದೆ. ಅವಳು ಎಲೆಯ ಕತ್ತರಿ ಬಟ್ಟೆಗೆ ಹಾಕಿದರೆ ಮೊಂಡಾಗುತ್ತದೆ ಎಂದು ಗೊಣಗಿದಳು, ನನ್ನ ಕತ್ತರಿ ಕೊಟ್ಟೆ. ದಿನಕ್ಕೆ ಸಾವಿರ ಎಲೆ ಕತ್ತರಿಸುವ ಕೈ ಅದು. ಎರಡು ದಿನದಲ್ಲಿ ಎಂಟು ನೂರು ತುಂಡು ನನ್ನ ಮುಂದೆ ಬಂತು, ಅಭ್ಯಾಸದ ಮೇಲೆ ಬೀಡಿಯ ಹಾಗೆ ಇಪ್ಪತ್ತೈದು ಇಪ್ಪತ್ತೈದರ ಕಟ್ಟು ಮಾಡಿ ನೂಲು ಸುತ್ತಿ ಇಟ್ಟಿದ್ದಳು. ನನಗೆ ಒಂದು ಸಾಲಿಗೆ ಬೇಕಾಗಿದ್ದದ್ದು ಮೂವತ್ತೆರಡು. ಎಲ್ಲ ಬಿಚ್ಚಿ ಮತ್ತೆ ಎಣಿಸಿದೆವು.

ಬಣ್ಣಕ್ಕೆ ತಕ್ಕ ಹಾಗೆ ಐದು ರಾಶಿ ಮಾಡಿದೆ. ಹಳದಿ, ಹಳದಿ-ಕಂದು, ಕಂದು, ಕಂದು-ನೇರಳೆ, ನೇರಳೆ. ಕರಿ ಗೆರೆ ಬಂದ ತುಂಡುಗಳು ಬೇರೆ. ಮಾಡಿಗೆ ಹಂಚು ಹೊದೆಸುವ ಹಾಗೆ, ಒಂದು ಸಾಲಿನ ಸಂದಿಗೆ ಮೇಲಿನ ಸಾಲಿನ ನಡು ಬರುವಂತೆ ಜೋಡಿಸಿದೆ. ಕೆಳಗೆ ಹಳದಿ, ಮೇಲೆ ಹೋದ ಹಾಗೆ ಗಾಢ, ತಲೆಯ ಕಡೆ ನೇರಳೆ. ಪ್ರತಿ ನಾಲ್ಕನೆಯದು ಬಿಳಿ ಹತ್ತಿಯ ತುಂಡು. ಕಣ್ಣಿಗೆ ಕೂರಲು ಒಂದು ಜಾಗ ಬೇಕು, ಇಲ್ಲದಿದ್ದರೆ ಎಷ್ಟು ಒಳ್ಳೆಯ ಬಣ್ಣವೂ ಗದ್ದಲ ಮಾಡುತ್ತದೆ. ಕರಿ ಗೆರೆಯ ತುಂಡುಗಳನ್ನು ಎಸೆಯಲಿಲ್ಲ. ಅವನ್ನು ನಡುನಡುವೆ ಒಂದೊಂದೇ ಇಟ್ಟರೆ ಸೀಳಿದ ನೆರಳಿನ ಹಾಗೆ ಕಾಣುತ್ತಿತ್ತು, ಉಳಿದದ್ದಕ್ಕೆ ಅದರಿಂದಲೇ ಜೀವ ಬಂತು.

ಹೊಲಿಯಲು ಕೂತರೆ ಮಷಿನು ಹೊಲಿಗೆ ಹಾರಿಸಿತು. ನಾಲ್ಕು ಹೊಲಿಗೆ ಬಿದ್ದರೆ ಐದನೆಯದು ಇಲ್ಲ. ನೂಲಿನ ಬಿಗಿ ಸಡಿಲಿಸಿದೆ, ಬಾಬಿನ್ ಬದಲಿಸಿದೆ, ಎಣ್ಣೆ ಬಿಟ್ಟೆ. ಆಗಲಿಲ್ಲ. ನನ್ನ ಸೂಜಿ ಹತ್ತಿಗೂ ಕ್ಯಾನ್ವಾಸ್ ಚೀಲಕ್ಕೂ ಸರಿಯಾದ ದಪ್ಪ ಸೂಜಿ, ಈ ಬಟ್ಟೆಯನ್ನು ಅದು ಚುಚ್ಚುತ್ತಿರಲಿಲ್ಲ, ತಳ್ಳುತ್ತಿತ್ತು. ಸಪೂರ ಸೂಜಿಗೆ ಉಡುಪಿಯಲ್ಲಿ ಎರಡು ಅಂಗಡಿ ಹತ್ತಿ ಇಳಿದೆ, ಕೊನೆಗೆ ಮಣಿಪಾಲದಲ್ಲಿ ಸಿಕ್ಕಿತು. ಅದು ಹಾಕಿದರೂ ಬಟ್ಟೆ ಜಾರಿ ಸುಕ್ಕಾಗುತ್ತಿತ್ತು. ಬಟ್ಟೆಯ ಅಡಿಯಲ್ಲಿ ಹಳೆಯ ಪೇಪರಿನ ಪಟ್ಟಿ ಇಟ್ಟು ಪೇಪರಿನ ಸಮೇತ ಹೊಲಿದೆ, ಆಮೇಲೆ ಪೇಪರು ಹರಿದು ತೆಗೆದೆ. ಆಗ ಹೊಲಿಗೆ ಗೆರೆ ಎಳೆದ ಹಾಗೆ ನೆಟ್ಟಗೆ ಬಂತು. ಸಂದಿಗಳನ್ನು ಇಸ್ತ್ರಿ ಮಾಡಲು ಮೇಲೆ ಒದ್ದೆ ಪಂಚೆ ಹಾಕಿ, ಕೆಂಡ ಅರ್ಧ ತೆಗೆದು, ಮುಟ್ಟಿಸಿದ ಹಾಗೆ ಮಾಡಿ ಎತ್ತಿದೆ. ಇಪ್ಪತ್ತನಾಲ್ಕು ಸಾಲು. ಸುತ್ತ ಅಗಲ ಬಿಳಿ ಅಂಚು.

ಗೋದಡಿಯ ಹೊಟ್ಟೆಗೆ ಹಳೆ ಬಟ್ಟೆ ಕೇಳುವಾಗ ಕತ್ತರಿಸಿದ್ದನ್ನು ಉಮ್ಮನಿಗೆ ಹೇಳಿದೆ. ಬೈಯುತ್ತಲೇ ತೀರಿಹೋದ ಗಂಡನ ನಾಲ್ಕು ಬಿಳಿ ಮುಂಡು ಕೊಟ್ಟರು. ಹತ್ತಿ ಒಳ್ಳೆಯದಿತ್ತು. ಚೊಗರಿನಲ್ಲಿ ಹಾಳಾದ ಐದು ಗಜವನ್ನು ಅಂಟುವಾಳದ ನೀರಿನಲ್ಲಿ ಮೂರು ಸಲ ಒಗೆದು ಕಡಲ ಗಾಳಿಗೆ ಹಾಕಿದ್ದೆ, ವಾಸನೆ ಹೋಗಿತ್ತು. ಅದನ್ನೂ ಮುಂಡುಗಳ ನಡುವೆ ಒಂದು ಪದರವಾಗಿ ಹಾಕಿದೆ. ನಾದಿನಿಯೂ ನಾನೂ ಎದುರೆದುರು ಕೂತು ಕೈ ಹೊಲಿಗೆ ಹಾಕಿದೆವು. ಅವಳ ಹೊಲಿಗೆ ನನ್ನದಕ್ಕಿಂತ ಸಣ್ಣದು. ಅದನ್ನು ಅವಳಿಗೆ ನಾನು ಇವತ್ತಿನವರೆಗೆ ಹೇಳಿಲ್ಲ.

ಮೇಲೆ ಕಟ್ಟುವ ಬಟ್ಟೆಯ ಉಪಾಯ ನಾನು ಹುಡುಕಿದ್ದಲ್ಲ. ಗೋಡೆಗೆಂದು ಉಡುಪಿಯಿಂದ ತೆಳು ಬಿಳಿ ಮಲ್ ಬಟ್ಟೆ ತಂದಿದ್ದೆ. ಉಳಿದ ಥಾನು ಕಣ್ಣಿಗೆ ಬೀಳುವುದು ಬೇಡವೆಂದು ಅದರ ಮೇಲೆ ಈ ಬಿಳಿಯನ್ನು ಎಸೆದಿದ್ದೆ. ಥಾನು ಹಿಂಬದಿ ಮೇಲಾಗಿ ಬಿದ್ದುಕೊಂಡಿತ್ತು. ನೀರು ಕುಡಿದು ಬಂದು ನೋಡಿದರೆ ಬಿಳಿಯ ಅಡಿಯಲ್ಲಿ ಹೂವುಗಳು ಹಳ್ಳದ ತಳದ ಕಲ್ಲುಗಳ ಹಾಗೆ ಮಸುಕಾಗಿ ಮಲಗಿದ್ದವು. ಹಳದಿ ಹಾಲಿನ ಕೆನೆಯಾಗಿತ್ತು. ಹನ್ನೆರಡು ಗಜ ಮಾಡಿಗೆ ಹಾಕುವುದು, ಹಿಂಬದಿ ಕೆಳಗೆ, ಅದರ ಕೆಳಗೆ ಮಲ್ ಬಟ್ಟೆ ಎಂದು ಅಲ್ಲಿಯೇ ತೀರ್ಮಾನಿಸಿದೆ. ಉಳಿದ ಏಳು ಗಜ ಎರಡು ಇಂಚಿನ ಪಟ್ಟಿಗಳಾಗಿ ಗೋಡೆಯ ಬಿಳಿ ಬಟ್ಟೆಗೆ ಅಂಚು, ದಿಂಬಿಗೆ ಅಂಚು. ಥಾನಿನಲ್ಲಿ ಒಂದು ಗೇಣೂ ಉಳಿಯಲಿಲ್ಲ.

ಮದುವೆಗೆ ಎರಡು ದಿನ ಇರುವಾಗ, ಬೆಳಗ್ಗೆ ಹತ್ತರ ಹೊತ್ತಿಗೆ, ಜಗಲಿಯ ಮೆಟ್ಟಿಲಲ್ಲಿ ಯಾರೋ ನಿಂತ ಹಾಗಾಯಿತು. ಉಮ್ಮನ ಮಗ. ಬೊಂಬಾಯಿಯಿಂದ ಬಸ್ಸಿನಲ್ಲಿ ಬಂದು ಇಳಿದವನು, ಮನೆಯಲ್ಲಿ ಚಾ ಕುಡಿದು ಸೀದಾ ಇಲ್ಲಿಗೆ ಬಂದಿದ್ದ. ಮೈ ಕಪ್ಪಾಗಿತ್ತು, ಸಪೂರ ಆಗಿದ್ದ. ನಾನು ದಿಂಬಿನ ಅಂಚು ಹೊಲಿಯುತ್ತಿದ್ದೆ. ನೆಲದ ಮೇಲೆಲ್ಲ ಅವನ ಬಟ್ಟೆಯ ಚೂರು.

ಅವನು ಕುಕ್ಕರಗಾಲಿನಲ್ಲಿ ಕೂತು ಒಂದು ಚೂರು ಎತ್ತಿಕೊಂಡ.

"ಅಕ್ಕ, ಇದು ನಾನು ಕಳಿಸಿದ್ದಲ್ವಾ?"

"ಹೌದು."

"ಪೂರಾ ಕತ್ತರಿಸಿದ್ರಾ?"

"ಪೂರಾ."

ನಾದಿನಿ ಎದ್ದು ಒಳಗೆ ಹೋದಳು. ಅವನು ಚೂರನ್ನು ಬೆರಳಿನಲ್ಲಿ ತಿರುಗಿಸುತ್ತಲೇ ಕೇಳಿದ, "ಚಂದ ಇರಲಿಲ್ವಾ?"

"ಇರಲಿಲ್ಲ" ಎಂದೆ. ಸುಳ್ಳು ಹೇಳಿದರೆ ಅವನಿಗೆ ತಿಳಿಯುತ್ತದೆ ಎಂದು ತಂಗಿ ಹೇಳಿದ್ದಳಲ್ಲ.

ಅವನು ತಲೆ ಅಲ್ಲಾಡಿಸಿದ. ತಾನಿರುವಲ್ಲಿ ನೆಲವೂ ಮಣ್ಣಿನ ಬಣ್ಣ, ಗೋಡೆಯೂ ಮಣ್ಣಿನ ಬಣ್ಣ, ಆಕಾಶವೂ ಹೆಚ್ಚಿನ ದಿನ ಅದೇ ಬಣ್ಣ ಎಂದ. ಲಾರಿಯಿಂದ ಸಾಮಾನು ಇಳಿಸುವ ಕೆಲಸ. ಒಂದು ದಿನ ಅಂಗಡಿಯ ಬಾಗಿಲಲ್ಲಿ ಈ ಬಟ್ಟೆ ತೂಗುಹಾಕಿದ್ದರು, ನಾಲ್ಕು ವರ್ಷದಲ್ಲಿ ಹೂವು ಅಂತ ಕಂಡದ್ದು ಅದೇ, ಅಲ್ಲಿಯೇ ನಿಂತುಬಿಟ್ಟೆ ಎಂದ. ಆಮೇಲೆ ಕೇಳಿದ, ಅವಳು ನೋಡಿದಳಾ, ಅವಳಿಗೆ ಇಷ್ಟ ಆಯಿತಾ.

ಅಡಿಗೆ ಕೋಣೆಯ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಮಾತು ನುಂಗಿ ನನಗೆ ಅಭ್ಯಾಸ ಇಲ್ಲ. ಅದೊಂದನ್ನು ನುಂಗಿದೆ.

"ಕೋಣೆ ಮುಗಿಯದೆ ಅವಳು ನೋಡುವುದಿಲ್ಲ" ಎಂದೆ. ಗೋದಡಿಯನ್ನು ಬಿಡಿಸಿ ಅವನ ಮುಂದೆ ಹಾಸಿದೆ. ಅವನು ತುಂಬಾ ಹೊತ್ತು ನೋಡಿದ. ಕೈಯಲ್ಲಿದ್ದ ಚೂರನ್ನು ಅದರ ಮೇಲೆ ಅಲ್ಲಿ ಇಲ್ಲಿ ಇಟ್ಟು, ಅದು ಎಲ್ಲಿಗೆ ಸೇರಬಹುದು ಎಂದು ಹುಡುಕಿದ. ಕಂದು-ನೇರಳೆಯ ಸಾಲಿಗೆ ಬಂದಾಗ ಚೂರು ಕಾಣದೇ ಹೋಯಿತು. ಅವನು ನಕ್ಕ.

"ಕೈ ಖಾಲಿ ಉಂಟಾ?" ಎಂದು ಕೇಳಿದೆ. "ಏಣಿ ತಾ. ಮಾಡಿನ ಬಟ್ಟೆ ಕಟ್ಟಲಿಕ್ಕೆ ಉದ್ದದವರು ಬೇಕು."

ಮಾರನೇ ದಿನ ಅವನೇ ಏಣಿ ಹತ್ತಿ ಕಟ್ಟಿದ. ಮಾಡಿನ ಪಕ್ಕಾಸಿಗೆ ಮೊಳೆ ಹೊಡೆಯಬೇಡ, ಹಗ್ಗ ಎಳೆದು ಕಟ್ಟು, ಬಟ್ಟೆಯ ಮಧ್ಯ ಒಂದು ಗೇಣು ಜೋಲಿ ಬಿಡು ಎಂದು ನಾನು ಕೆಳಗಿನಿಂದ ಹೇಳುತ್ತಿದ್ದೆ. ಮೊದಲ ಸಲ ಜೋಲಿ ಜಾಸ್ತಿಯಾಗಿ ಕೋಣೆ ಡೇರೆಯ ಹಾಗೆ ಆಯಿತು, ಬಿಚ್ಚಿ ಮತ್ತೆ ಕಟ್ಟಿಸಿದೆ. ಗೋಡೆಯ ಬಿಳಿ ಇಳಿಬಿಟ್ಟು, ಮಂಚದ ಮೇಲೆ ಗೋದಡಿ ಹಾಸಿ, ಬಾಗಿಲಿನಿಂದ ನೋಡಿದೆ. ಹಂಚಿನ ನಡುವಿನ ಗಾಜಿನಿಂದ ಬಂದ ಬೆಳಕು ಎರಡು ಬಟ್ಟೆ ದಾಟಿ ಕೆಳಗೆ ಇಳಿಯುತ್ತಿತ್ತು. ಕೆಲಸ ಚೆನ್ನಾಗಿತ್ತು. ನನ್ನ ಕೆಲಸವನ್ನು ನಾನು ಹೊಗಳುವುದಿಲ್ಲ, ಇದನ್ನು ಹೊಗಳುತ್ತೇನೆ.

ಮದುವೆಯ ದಿನ ಮಧ್ಯಾಹ್ನ ಹುಡುಗಿಯನ್ನು ಕೋಣೆಗೆ ಕರೆತಂದರು. ಹೊಸ್ತಿಲಲ್ಲಿ ನಿಂತಳು. ಮೇಲೆ ನೋಡಿದಳು, ಗೋಡೆ ನೋಡಿದಳು. ಉಮ್ಮ ನನ್ನ ಕೈ ಹಿಡಿದುಕೊಂಡಿದ್ದರು, ಉಗುರು ಚುಚ್ಚುವಷ್ಟು. ಹುಡುಗಿ ಒಳಗೆ ಬಂದು ಮಂಚದ ಅಂಚಿನಲ್ಲಿ ಕೂತಳು. ಗೋದಡಿಯ ಮೇಲೆ ಕೈಯಾಡಿಸಿದಳು. ಆಮೇಲೆ ನನ್ನ ಕಡೆ ಬಗ್ಗಿ ಸಣ್ಣ ದನಿಯಲ್ಲಿ ಕೇಳಿದಳು, "ಟೈಲರಕ್ಕ, ಆ ಬಟ್ಟೆಯನ್ನು ಎಲ್ಲಿ ಹಾಕಿದಿರಿ?"

"ನೀನು ಕೂತದ್ದು ಅದರ ಮೇಲೆಯೇ."

ಬೆಂಕಿ ತಾಗಿದ ಹಾಗೆ ಎದ್ದಳು. ಬಗ್ಗಿ ನೋಡಿದಳು, ಒಂದು ತುಂಡಿನ ಮೇಲೆ ಬೆರಳಿಟ್ಟಳು, ಇನ್ನೊಂದರ ಮೇಲೆ ಇಟ್ಟಳು. ಮತ್ತೆ ಮೇಲೆ ನೋಡಿದಳು, ಬಿಳಿಯ ಹಿಂದೆ ಮಲಗಿದ್ದ ಹೂವುಗಳನ್ನು ಈಗ ಗುರುತು ಹಿಡಿದಳು. ಮತ್ತೆ ಅಲ್ಲಿಯೇ ಕೂತಳು, ಈ ಸಲ ಅಂಚಿನಲ್ಲಿ ಅಲ್ಲ, ಸರಿಯಾಗಿ ನಡುವೆ.

ಅಷ್ಟರಲ್ಲಿ ಕಾರ್ಕಳದ ಹೆಂಗಸರು ಬಂದರು. ಎದುರಿಗೆ ಮದುಮಗನ ದೊಡ್ಡಮ್ಮ. ಎತ್ತರದ ಹೆಂಗಸು, ಕಿವಿ ತುಂಬಾ ಚಿನ್ನ. ಗೋಡೆಯ ಬಟ್ಟೆ ಎತ್ತಿ ಹಿಂದೆ ಸುಣ್ಣ ಹೊಡೆದಿದೆಯೋ ಎಂದು ನೋಡಿದರು. ದಿಂಬನ್ನು ಒತ್ತಿದರು. ಮತ್ತೆ ಗೋದಡಿಯ ಮೂಲೆ ಹಿಡಿದು ಮಗುಚಿದರು. ಹಿಂಬದಿಯಲ್ಲಿ ಬಿಳಿಯ ಮೇಲೆ ನನ್ನ ಮತ್ತು ನಾದಿನಿಯ ಹೊಲಿಗೆ, ಸಾಲು ಸಾಲಾಗಿ. ಒಂದು ಗಂಟು ಸಿಗುತ್ತದೆಯೇ ಎಂದು ಹೆಬ್ಬೆರಳಿನಲ್ಲಿ ಉಜ್ಜಿ ಹುಡುಕಿದರು. ಸಿಗಲಿಲ್ಲ. ಮತ್ತೆ ಮೇಲ್ಬದಿಗೆ ತಿರುಗಿಸಿ ಹಳದಿಯಿಂದ ನೇರಳೆಯವರೆಗೆ ನಿಧಾನ ಕಣ್ಣು ಓಡಿಸಿದರು.

"ಇಂಥ ಬಣ್ಣ ನಮ್ಮ ಕಾರ್ಕಳದ ಅಂಗಡಿಯಲ್ಲಿ ನಾನು ನೋಡಿಲ್ಲ. ಎಲ್ಲಿಯ ಬಟ್ಟೆ ಇದು?"

ಉತ್ತರ ಹೇಳಬೇಕಾದವಳು ಮದುಮಗಳು ಅಲ್ಲ, ಅವತ್ತು ಅವಳು ತಲೆ ತಗ್ಗಿಸಿ ಸುಮ್ಮನೆ ಕೂರಬೇಕು. ಅವಳು ತಲೆ ಎತ್ತಿದಳು.

"ನನ್ನ ಅಣ್ಣ ದುಬೈಯಲ್ಲಿ ಆರಿಸಿ ಕಳಿಸಿದ್ದು" ಎಂದಳು.

ಬಾಗಿಲಿನ ಆಚೆ ಶರಬತ್ತಿನ ತಟ್ಟೆ ಹಿಡಿದು ಅವನು ನಿಂತಿದ್ದ. ಅವನು ಬಾಗಿ ತಂಗಿಯ ಮುಖ ನೋಡಿದ. ಅಲ್ಲಿ ಸುಳ್ಳು ಇರಲಿಲ್ಲ. ಇದ್ದಿದ್ದರೆ ನನಗೂ ಕಾಣುತ್ತಿತ್ತು, ಅಷ್ಟು ಹತ್ತಿರ ನಿಂತಿದ್ದೆ.

ದೊಡ್ಡಮ್ಮ ಗೋದಡಿಯನ್ನು ಸರಿಯಾಗಿ ಹಾಸಿ, ಸುಕ್ಕು ತೆಗೆದು, ಹೊಲಿದದ್ದು ಯಾರು ಎಂದು ಕೇಳಿದರು. ಉಮ್ಮ ನನ್ನನ್ನು ಮುಂದೆ ತಳ್ಳಿದರು. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಹೂಂ" ಎಂದರು. ಆ ನಾಲಿಗೆಯಿಂದ ಅಷ್ಟು ಬಂದದ್ದೇ ದೊಡ್ಡದು ಎಂದು ಆಮೇಲೆ ಎಲ್ಲರೂ ಹೇಳಿದರು. ನಾನು ಊಟಕ್ಕೆ ಹೋದೆ, ನಾದಿನಿಯನ್ನೂ ಕರೆದುಕೊಂಡು. ಇಬ್ಬರೂ ಎರಡೆರಡು ಸಲ ಬಡಿಸಿಕೊಂಡೆವು.

ಒಂದು ತಿಂಗಳು ಆಗಿರಬಹುದು. ಕಾರ್ಕಳದ ಬಸ್ಸಿನಿಂದ ಇಳಿದ ಒಬ್ಬ ಆಳು ನಮ್ಮ ಜಗಲಿಯಲ್ಲಿ ಒಂದು ದೊಡ್ಡ ಗಂಟು ಇಟ್ಟು, ದೊಡ್ಡಮ್ಮ ಕಳಿಸಿದ್ದಾರೆ ಎಂದ. ಯಾರೋ ಎಂದೋ ಉಡುಗೊರೆ ಕೊಟ್ಟದ್ದಂತೆ, ಹದಿನೈದು ವರ್ಷದಿಂದ ಪೆಟ್ಟಿಗೆಯ ತಳದಲ್ಲಿ ಇತ್ತಂತೆ. ನಾನು ಗಂಟು ಬಿಚ್ಚಿದೆ. ಗಿಳಿ ಹಸಿರು ನೆಲ. ಅದರ ಮೇಲೆ ಕಿತ್ತಳೆ ಬಣ್ಣದ ನವಿಲುಗಳು, ಒಂದೊಂದೂ ಕೋಳಿಯಷ್ಟು ದೊಡ್ಡದು. ನವಿಲಿನ ಕಣ್ಣು ಗುಲಾಬಿ.

ದುಬೈ ಬಟ್ಟೆ ಇದರ ಮುಂದೆ ಏನೂ ಅಲ್ಲ.

ನಾದಿನಿ ಕಟ್ಟುತ್ತಿದ್ದ ಬೀಡಿಯನ್ನು ಕೈಯಲ್ಲೇ ಹಿಡಿದು ಬಂದು ಇಣುಕಿ, "ಅಯ್ಯಯ್ಯೋ ಅತ್ತಿಗೆ" ಎಂದಳು.

"ಬಾಯಿ ಮುಚ್ಚು" ಎಂದೆ. "ಅಚ್ಚು ತಾ."